ಡಿ ವೆಲೆರಾ ಅವರ ಮಾತಿನ ಲೆಕ್ಕ

ರಾಜಕಾರಣಿಗಳ ಭಾಷಣಗಳನ್ನು ಸಾಹಿತ್ಯವೆಂದು ಓದುವ ರೂಢಿ ನಮ್ಮಲ್ಲಿ ಕಡಮೆ. ಸಭೆ ಮುಗಿದು ಕೊರಳಿನ ಹಾರ ಬಾಡುವುದರೊಳಗೆ ಭಾಷಣವೂ ಬಾಡಿರುತ್ತದೆ. ಮರುದಿನದ ಪತ್ರಿಕೆಯಲ್ಲಿ ಅದರ ಸಾರಾಂಶ ನಾಲ್ಕು ಸಾಲು ಬಂದರೆ ಅದೇ ಹೆಚ್ಚು. ಹೀಗಿರುವಲ್ಲಿ ಐರ್ಲೆಂಡಿನ ಏಮನ್ ಡಿ ವೆಲೆರಾ ಅವರ ಭಾಷಣ, ಹೇಳಿಕೆಗಳ ಸಂಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಹೊರಡುವುದು ಸ್ವಲ್ಪ ಸಾಹಸದ ಕೆಲಸವೇ. ಮಾರಿಸ್ ಮೊಯ್ನಿಹಾನ್ ಎಂಬ ಹಿರಿಯ ಸರ್ಕಾರಿ ಅಧಿಕಾರಿಗಳು ಸಂಪಾದಿಸಿ ೧೯೮೦ರಲ್ಲಿ ಪ್ರಕಟವಾದ ಈ ಗ್ರಂಥ ೧೯೧೭ರಿಂದ ೧೯೭೩ರವರೆಗಿನ ಐವತ್ತಾರು ವರ್ಷಗಳನ್ನು ಒಳಗೊಂಡಿದೆ. ಓದುವಾಗ ಮೊದಲು ಅನಿಸುವುದು, ಇವರು ಒಳ್ಳೆಯ ವಾಗ್ಮಿಗಳಲ್ಲ ಎಂದು. ಉಪಮೆ ಇಲ್ಲ, ನಗೆ ಇಲ್ಲ, ಏರಿಳಿತವಿಲ್ಲ. ಒಂದು ಮಾತು ಹೇಳಿ, ಅದು ಯಾವ ಅರ್ಥದಲ್ಲಿ ಹೇಳಿದ್ದಲ್ಲ ಎಂಬುದನ್ನು ಮೂರು ಮಾತಿನಲ್ಲಿ ವಿವರಿಸುವ ಗಣಿತದ ಮೇಷ್ಟರ ಧಾಟಿ. ಆದರೂ ಪುಸ್ತಕವನ್ನು ಕೆಳಗಿಡಲಾಗಲಿಲ್ಲ. ಶಬ್ದದ ಮೇಲೆ ಇಷ್ಟು ಭಾರ ಹಾಕಿದ ಇನ್ನೊಬ್ಬ ಮುತ್ಸದ್ದಿಯನ್ನು ನಾನು ಕಾಣೆ.

ಅವರ ವಿಷಯದಲ್ಲಿ ಎರಡು ಚಿತ್ರಗಳು ಪ್ರಚಾರದಲ್ಲಿವೆ. ೧೯೭೦ರಲ್ಲಿ ಲಾರ್ಡ್ ಲಾಂಗ್‌ಫರ್ಡ್ ಮತ್ತು ಟಾಮಸ್ ಓನೀಲ್ ಅವರು ಡಿ ವೆಲೆರಾ ಅವರ ಸಹಕಾರ ಪಡೆದೇ ಬರೆದ ಜೀವನಚರಿತ್ರೆ ಮೊದಲನೆಯದನ್ನು ಬಿಡಿಸಿತು: ಸಂಯಮಿ, ನಿಷ್ಠಾವಂತ, ರಾಷ್ಟ್ರಪಿತ. ೧೯೯೩ರಲ್ಲಿ ಟಿಮ್ ಪ್ಯಾಟ್ ಕೂಗನ್ ಬರೆದ ದಪ್ಪ ಪುಸ್ತಕ ಎರಡನೆಯದನ್ನು ಬಿಡಿಸಿತು: ಹಟಮಾರಿ, ಕಪಟಿ, ನಾಡಿನ ಮೇಲೆ ಉದ್ದನೆಯ ನೆರಳು ಚೆಲ್ಲಿದ ಮನುಷ್ಯ. ೧೯೯೬ರಲ್ಲಿ ನೀಲ್ ಜಾರ್ಡನ್ ಮೈಕೆಲ್ ಕಾಲಿನ್ಸ್ ಅವರನ್ನು ಕುರಿತು ತೆಗೆದ ಚಲನಚಿತ್ರದಲ್ಲಿ ಅಲನ್ ರಿಕ್‌ಮನ್ ಈ ಎರಡನೆಯ ಡಿ ವೆಲೆರಾಗೇ ಮುಖ ಕೊಟ್ಟರು. ಲೋಕಕ್ಕೆಲ್ಲ ಈಗ ಗೊತ್ತಿರುವುದು ಆ ಮುಖ. ಎರಡೂ ಕಡೆಯವರು ಮನುಷ್ಯನ ಸ್ವಭಾವವನ್ನು ಹುಡುಕುತ್ತ ಹೋಗಿ ಅವನ ಮಾತನ್ನು ಸಾಕ್ಷ್ಯವೆಂದಷ್ಟೇ ಬಳಸಿಕೊಂಡರು. ನನಗೆ ಮಾತೇ ಮುಖ್ಯ. ಇವರ ಗೆಲುವೂ ಸೋಲೂ ಎರಡೂ ಇರುವುದು ಅಲ್ಲಿ.

ಹುಟ್ಟಿದ್ದು ೧೮೮೨ರಲ್ಲಿ, ನ್ಯೂಯಾರ್ಕಿನಲ್ಲಿ. ತಂದೆ ಸ್ಪ್ಯಾನಿಷ್ ಮೂಲದವರು, ತಾಯಿ ಲಿಮರಿಕ್ ಜಿಲ್ಲೆಯ ಬ್ರೂರೀ ಹಳ್ಳಿಯಿಂದ ವಲಸೆ ಹೋದ ಹೆಣ್ಣುಮಗಳು. ಎರಡು ವರ್ಷದ ಕೂಸನ್ನು ಬ್ರೂರೀಗೆ ಕಳಿಸಿಬಿಟ್ಟರು. ಬೆಳೆದದ್ದು ಅಜ್ಜಿಯ ಮನೆಯಲ್ಲಿ, ಸೋದರಮಾವನ ಆಶ್ರಯದಲ್ಲಿ. ಓದಿ ಗಣಿತದ ಉಪಾಧ್ಯಾಯರಾದರು. ೧೯೦೮ರಲ್ಲಿ ಗೇಲಿಕ್ ಲೀಗ್ ಸೇರಿ ಐರಿಷ್ ನುಡಿ ಕಲಿಯತೊಡಗಿದರು. ಕಲಿಸಿದ ಷಿನೇಡ್ ಎಂಬಾಕೆಯನ್ನೇ ೧೯೧೦ರಲ್ಲಿ ಮದುವೆಯಾದರು. ಈಕೆ ಮುಂದೆ ಐರಿಷ್ ಭಾಷೆಯಲ್ಲಿ ಮಕ್ಕಳ ಕಥೆ, ನಾಟಕಗಳನ್ನು ಬರೆದರು. ಆ ಮನೆಯಲ್ಲಿ ನಿಜವಾದ ಲೇಖಕಿ ಆಕೆಯೇ ಎಂದರೂ ಸಲ್ಲುತ್ತದೆ. ಗಂಡನಿಗೆ ಐರಿಷ್ ತಾಯ್ನುಡಿಯಲ್ಲ, ಪ್ರಾಯಕ್ಕೆ ಬಂದ ಮೇಲೆ ಪುಸ್ತಕ ಹಿಡಿದು ಕಲಿತದ್ದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ೧೯೧೬ರ ಈಸ್ಟರ್ ದಂಗೆಯಲ್ಲಿ ಬೋಲೆಂಡ್ ಗಿರಣಿಯ ದಳಪತಿ. ಮರಣದಂಡನೆ ವಿಧಿಸಿದರು, ಆಮೇಲೆ ಅದನ್ನು ಸೆರೆವಾಸಕ್ಕೆ ಇಳಿಸಿದರು. ೧೯೧೯ರಲ್ಲಿ ಇಂಗ್ಲೆಂಡಿನ ಲಿಂಕನ್ ಸೆರೆಮನೆಯಿಂದ ತಪ್ಪಿಸಿಕೊಂಡದ್ದು, ಪ್ರಾರ್ಥನಾ ಮಂದಿರದ ಮೇಣದಲ್ಲಿ ಬೀಗದ ಕೈಯ ಅಚ್ಚು ತೆಗೆದದ್ದು, ಕೇಕಿನೊಳಗೆ ಹೊಸ ಬೀಗದ ಕೈ ಬಂದದ್ದು, ಇವೆಲ್ಲ ಪತ್ತೇದಾರಿ ಕಾದಂಬರಿಯಂತಿದ್ದರೂ ನಡೆದ ಸಂಗತಿಗಳು. ಅದೇ ವರ್ಷ ಅಮೆರಿಕಕ್ಕೆ ಹೋದರು. ೧೯೨೦ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ಸ್ವಾತಂತ್ರ್ಯವನ್ನು ಬಯಸುವವರ ಸಭೆಯೊಂದರಲ್ಲಿ ಐರ್ಲೆಂಡು ಮತ್ತು ಭಾರತ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಮಾತಾಡಿದರು. ಆ ಭಾಷಣ ಸಣ್ಣ ಪುಸ್ತಕವಾಗಿಯೂ ಅಚ್ಚಾಯಿತು.

ಇಷ್ಟು ಚರಿತ್ರೆ ಸಾಕು. ಶಬ್ದದ ಕಥೆ ಶುರುವಾಗುವುದು ೧೯೨೧ರ ಡಿಸೆಂಬರ್ ೬ರಂದು. ಲಂಡನ್ನಿನಲ್ಲಿ ಆರ್ಥರ್ ಗ್ರಿಫಿತ್, ಮೈಕೆಲ್ ಕಾಲಿನ್ಸ್ ಮೊದಲಾದವರು ಬ್ರಿಟಿಷರೊಡನೆ ಕೌಲಿಗೆ ರುಜು ಹಾಕಿದರು. ಡಿ ವೆಲೆರಾ ಹೋಗಿರಲಿಲ್ಲ. ಏಕೆ ಹೋಗಲಿಲ್ಲವೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರಗಳಲ್ಲಿ ಒಂದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆರು ಜಿಲ್ಲೆಗಳು ಕೈಬಿಟ್ಟು ಹೋದದ್ದು ಕೌಲಿನ ದೊಡ್ಡ ಗಾಯ ಎಂದು ಇಂದು ನಮಗೆ ಕಾಣುತ್ತದೆ. ಅಂದು ಡಾಯ್ಲ್ ಸಭೆಯಲ್ಲಿ ಹೆಚ್ಚು ಹೊತ್ತು ನಡೆದ ವಾದ ಅದರ ಮೇಲಲ್ಲ, ಒಂದು ಪ್ರಮಾಣವಚನದ ಮೇಲೆ. ಸದಸ್ಯರು ನಿಷ್ಠೆಯನ್ನು ಹೊಸ ರಾಜ್ಯಾಂಗಕ್ಕೆ ಸಲ್ಲಿಸಬೇಕು, ದೊರೆಗೆ ವಿಶ್ವಾಸದಿಂದಿರಬೇಕು ಎಂದಿತ್ತು. ನಿಷ್ಠೆ ಬೇರೆ, ವಿಶ್ವಾಸ ಬೇರೆ, ಆದ್ದರಿಂದ ನಾವು ದೊರೆಯ ಆಳುಗಳಲ್ಲ ಎಂದು ಕಾಲಿನ್ಸ್ ಕಡೆಯವರು. ಎರಡೂ ಒಂದೇ ಸರಪಳಿ ಎಂದು ಡಿ ವೆಲೆರಾ.

ಅವರ ಬದಲಿ ಸಲಹೆಗೆ ಎರಡನೆಯ ದಸ್ತಾವೇಜು ಎಂದು ಹೆಸರು. ಐರ್ಲೆಂಡು ಗಣರಾಜ್ಯವಾಗಿಯೇ ಇರುವುದು. ಕಾಮನ್‌ವೆಲ್ತಿನ ಒಳಗೆ ಸೇರದೆ ಹೊರಗಿನಿಂದ ಅದರೊಡನೆ ಕೂಡಿಕೊಂಡಿರುವುದು. ಆ ಕೂಡಿಕೆಯ ಮಟ್ಟಿಗೆ ಮಾತ್ರ ದೊರೆಯನ್ನು ಮುಖ್ಯಸ್ಥನೆಂದು ಒಪ್ಪುವುದು. ಇದನ್ನು ಅವರು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದರಂತೆ: ಒಂದು ದೊಡ್ಡ ವೃತ್ತ, ಅದರೊಳಗೆ ಐದು ಚಿಕ್ಕ ವೃತ್ತ, ಹೊರಗಿನಿಂದ ದೊಡ್ಡ ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಇನ್ನೊಂದು ಚಿಕ್ಕ ವೃತ್ತ. ರಣರಂಗದಿಂದ ಆಗತಾನೇ ಬಂದವರಿಗೆ ಈ ರೇಖಾಗಣಿತ ರುಚಿಸಲಿಲ್ಲ. ೧೯೨೨ರ ಜನವರಿ ೭ರಂದು ೬೪ಕ್ಕೆ ೫೭ ಮತಗಳಿಂದ ಕೌಲು ಗೆದ್ದಿತು. ಜೂನ್‌ನಲ್ಲಿ ಅಣ್ಣತಮ್ಮಂದಿರ ಕಾಳಗ ಮೊದಲಾಯಿತು. ಆಗಸ್ಟಿನಲ್ಲಿ ಕಾಲಿನ್ಸ್ ಮೂವತ್ತೊಂದರ ವಯಸ್ಸಿಗೆ ಗುಂಡಿಗೆ ಬಲಿಯಾದರು.

ಈಗ ಐದು ವರ್ಷ ದಾಟಿ ೧೯೨೭ರ ಆಗಸ್ಟಿಗೆ ಬರೋಣ. ಡಿ ವೆಲೆರಾ ಹಿಂದಿನ ವರ್ಷ ಫಿಯನಾ ಫಾಯ್ಲ್ ಪಕ್ಷವನ್ನು ಕಟ್ಟಿದ್ದಾರೆ. ಪ್ರಮಾಣ ಮಾಡದೆ ಸಭೆಯೊಳಗೆ ಕಾಲಿಡುವಂತಿಲ್ಲ. ಸಚಿವ ಕೆವಿನ್ ಓಹಿಗಿನ್ಸ್ ಅವರ ಕೊಲೆಯ ನಂತರ, ಪ್ರಮಾಣ ಮಾಡಲೊಪ್ಪದವರು ಚುನಾವಣೆಗೇ ನಿಲ್ಲದಂತೆ ಸರ್ಕಾರ ಶಾಸನ ತರಹೊರಟಿದೆ. ಡಿ ವೆಲೆರಾ ಒಳಗೆ ಹೋದರು. ಮೇಜಿನ ಮೇಲಿದ್ದ ಬೈಬಲನ್ನು ಎತ್ತಿ ಕೋಣೆಯ ಆ ಮೂಲೆಗಿಟ್ಟರು. ನಾನು ಯಾವ ಪ್ರಮಾಣವನ್ನೂ ಮಾಡುತ್ತಿಲ್ಲ, ಒಳಗೆ ಹೋಗಲು ಬೇಕಾದ ರುಜು ಮಾತ್ರ ಹಾಕುತ್ತಿದ್ದೇನೆ ಎಂದು ಹೇಳಿ ಪುಸ್ತಕದಲ್ಲಿ ಹೆಸರು ಬರೆದರು. ಅದೊಂದು ಬರಿಯ ಔಪಚಾರಿಕ ಸೂತ್ರ, ಅರ್ಥಶೂನ್ಯ, ಎಂದು ಅವರ ವಾದ.

೧೯೨೭ರಲ್ಲಿ ಅರ್ಥಶೂನ್ಯವಾದದ್ದು ೧೯೨೨ರಲ್ಲಿ ಹೇಗೆ ಜೀವಕ್ಕಿಂತ ದೊಡ್ಡದಾಗಿತ್ತು? ಐರ್ಲೆಂಡಿನ ಜನ ನೂರು ವರ್ಷದಿಂದ ಈ ಪ್ರಶ್ನೆ ಕೇಳುತ್ತಿದ್ದಾರೆ, ನಾನೂ ಕೇಳುತ್ತೇನೆ. ಡಿ ವೆಲೆರಾ ಒಬ್ಬರೇ ಕಾಳಗಕ್ಕೆ ಕಾರಣರಲ್ಲ. ಅದರ ದಳಪತಿಗಳು ಅವರ ಮಾತನ್ನು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಹೀಗಿದ್ದರೂ, ಶಬ್ದಕ್ಕೆ ಬೆಲೆ ಕಟ್ಟುವವನು ಆ ಬೆಲೆಯನ್ನು ತೆರುವವರು ಯಾರೆಂದು ನೋಡಬೇಕು. ಈ ಸಂಪುಟದಲ್ಲಿ ನಾನು ಹುಡುಕಿದ್ದು ಆ ನೋಟವನ್ನು. ವಿವರಣೆ ಬಹಳ ಸಿಕ್ಕಿತು, ವ್ಯಥೆ ಸಿಗಲಿಲ್ಲ.

ಅಧಿಕಾರಕ್ಕೆ ಬಂದ ಮೇಲಿನ ಡಿ ವೆಲೆರಾ ಬೇರೆಯೇ ಮನುಷ್ಯ. ೧೯೩೨ರಲ್ಲಿ ಸರ್ಕಾರದ ಮುಖ್ಯಸ್ಥರಾದವರು ಒಂದು ಗುಂಡೂ ಹಾರಿಸದೆ, ದರ್ಜಿ ಹಳೆಯ ಹೊಲಿಗೆ ಬಿಚ್ಚುವ ಹಾಗೆ, ಕೌಲಿನಿಂದ ಒಂದೊಂದೇ ಶಬ್ದವನ್ನು ಎಳೆದು ತೆಗೆದರು. ೧೯೩೩ರಲ್ಲಿ ಪ್ರಮಾಣವಚನ ಹೋಯಿತು. ೧೯೩೬ರ ಡಿಸೆಂಬರಿನಲ್ಲಿ ಎಂಟನೆಯ ಎಡ್ವರ್ಡ್ ಸಿಂಹಾಸನ ಬಿಟ್ಟಿಳಿದಾಗ, ಲಂಡನ್ನಿನಲ್ಲಿ ಎಲ್ಲರೂ ಗಾಬರಿಯಲ್ಲಿದ್ದ ಆ ಎರಡು ದಿನಗಳಲ್ಲಿ, ದೊರೆಯ ಹೆಸರನ್ನು ರಾಜ್ಯಾಂಗದಿಂದ ಅಳಿಸಿ, ರಾಯಭಾರಿಗಳ ನೇಮಕದಂಥ ಪರರಾಷ್ಟ್ರ ವ್ಯವಹಾರಕ್ಕೆ ಮಾತ್ರ ಉಳಿಸುವ ಶಾಸನ ಮಾಡಿದರು. ಎರಡನೆಯ ದಸ್ತಾವೇಜಿನ ವೃತ್ತ ಹದಿನೈದು ವರ್ಷದ ಮೇಲೆ ಭೂಮಿಗಿಳಿದಿತ್ತು. ಭೂಕಂದಾಯದ ಕಂತುಗಳ ವಿಷಯದಲ್ಲಿ ಬ್ರಿಟನ್ನಿನೊಡನೆ ಆರು ವರ್ಷ ವ್ಯಾಪಾರ ಯುದ್ಧವೂ ನಡೆಯಿತು. ದನ ಸಾಕಿದ ರೈತ ಅದರಲ್ಲಿ ಸೊರಗಿದ. ೧೯೩೮ರಲ್ಲಿ ಒಂದು ಕೋಟಿ ಪೌಂಡಿಗೆ ವ್ಯಾಜ್ಯ ತೀರಿತು, ಬ್ರಿಟಿಷ್ ನೌಕಾಪಡೆಯ ವಶದಲ್ಲಿದ್ದ ಮೂರು ಬಂದರುಗಳು ಮರಳಿ ಬಂದವು. ಆ ಬಂದರುಗಳಿಲ್ಲದಿದ್ದರೆ ಮುಂದಿನ ಮಹಾಯುದ್ಧದಲ್ಲಿ ತಟಸ್ಥವಾಗಿರುವುದು ಬರಿಯ ಮಾತಾಗುತ್ತಿತ್ತು.

ಹಾಗಾದರೆ ಐರ್ಲೆಂಡು ಗಣರಾಜ್ಯವೋ ಅಲ್ಲವೋ? ೧೯೪೫ರ ಜುಲೈಯಲ್ಲಿ ಡಾಯ್ಲಿನಲ್ಲಿ ಈ ಪ್ರಶ್ನೆ ಬಂದಾಗ ಡಿ ವೆಲೆರಾ ನಿಘಂಟುಗಳನ್ನು ಹಿಡಿದು ನಿಂತರು. ಒಂದೊಂದರಿಂದ ಗಣರಾಜ್ಯ ಶಬ್ದದ ವ್ಯಾಖ್ಯಾನವನ್ನು ಓದಿ, ನಮ್ಮದು ಈ ಲಕ್ಷಣಕ್ಕೆ ಒಪ್ಪುತ್ತದೆಯೋ ಇಲ್ಲವೋ ನೋಡಿ ಎಂದರು. ವಿರೋಧಿಗಳು ಇದಕ್ಕೆ ನಿಘಂಟಿನ ಗಣರಾಜ್ಯವೆಂದು ಹೆಸರಿಟ್ಟು ನಕ್ಕರು. ನಾನೂ ನಕ್ಕೆ, ಆದರೆ ನಾಲ್ಕು ವರ್ಷದ ಮೇಲೆ ನಡೆದದ್ದನ್ನು ನೆನೆದು ನಗೆ ನಿಂತಿತು. ೧೯೪೮ರಲ್ಲಿ ಡಿ ವೆಲೆರಾ ಸೋತು, ಜಾನ್ ಕಾಸ್ಟೆಲೋ ಅವರ ಸಂಯುಕ್ತ ಸರ್ಕಾರ ಬಂತು. ಅದು ೧೯೩೬ರ ಶಾಸನವನ್ನು ರದ್ದು ಮಾಡಿ, ೧೯೪೯ರ ಏಪ್ರಿಲ್ ೧೮ರಂದು ಐರ್ಲೆಂಡು ಗಣರಾಜ್ಯವೆಂದು ಸಾರಿ ಕಾಮನ್‌ವೆಲ್ತಿನ ಸಂಬಂಧವನ್ನು ಕಡಿದುಕೊಂಡಿತು. ಸರಿಯಾಗಿ ಹತ್ತು ದಿನಗಳ ಮೇಲೆ, ಏಪ್ರಿಲ್ ೨೮ರಂದು, ಲಂಡನ್ನಿನಲ್ಲಿ ನೆಹರೂ ಮೊದಲಾದ ಪ್ರಧಾನಿಗಳು ಒಂದು ಘೋಷಣೆಗೆ ಒಪ್ಪಿದರು. ಭಾರತ ಗಣರಾಜ್ಯವಾಗಿಯೂ ಕಾಮನ್‌ವೆಲ್ತಿನಲ್ಲಿ ಇರಬಹುದು. ದೊರೆ ಆ ಸ್ವತಂತ್ರ ಕೂಟದ ಸಂಕೇತ ಮಾತ್ರ, ಭಾರತಕ್ಕೆ ಅವನು ಒಡೆಯನಲ್ಲ. ೧೯೨೧ರಲ್ಲಿ ಬ್ರಿಟಿಷರು ತಳ್ಳಿಹಾಕಿದ ಶಬ್ದಗಣಿತಕ್ಕೂ ಇದಕ್ಕೂ ಎಷ್ಟು ಅಂತರ? ಅದನ್ನು ಕಂಡುಹಿಡಿದ ಐರ್ಲೆಂಡು ಹೊರಗೆ ಹೋಯಿತು, ನಾವು ಅದೇ ಬಾಗಿಲಿನಿಂದ ಒಳಗುಳಿದೆವು. ಅದರ ಹಿಂದಿನ ಜೂನ್‌ನಲ್ಲೇ ಡಿ ವೆಲೆರಾ ದೆಹಲಿಗೆ ಬಂದು ನೆಹರೂ ಅವರನ್ನು ಕಂಡು ಹೋಗಿದ್ದರು.

೧೯೩೭ರ ರಾಜ್ಯಾಂಗ ಅವರ ನಿಜವಾದ ಕೃತಿ. ಕರಡು ಬರೆದ ಕೈ ಜಾನ್ ಹರ್ನ್ ಎಂಬ ಕಾನೂನು ತಜ್ಞರದು, ಕೆಲವು ಕಡೆ ಪಾದ್ರಿ ಜಾನ್ ಚಾರ್ಲ್ಸ್ ಮಕ್‌ಕ್ವೇಡ್ ಅವರ ನೆರಳೂ ಇದೆ. ಆದರೂ ಅದರ ಧ್ವನಿ ಡಿ ವೆಲೆರಾ ಅವರದೇ. ಜುಲೈ ೧ರಂದು ಜನಮತಕ್ಕಿಟ್ಟರು: ಪರವಾಗಿ ೬,೮೫,೧೦೫, ವಿರುದ್ಧವಾಗಿ ೫,೨೬,೯೪೫. ಸರ್ಕಾರದ ಮುಖ್ಯಸ್ಥನಿಗೆ ಟೀಷಕ್ ಎಂಬ ಪ್ರಾಚೀನ ಶಬ್ದ ಕೊಟ್ಟದ್ದು ಈ ಗ್ರಂಥ. ಹಳೆಯ ಕಾಲದ ಬುಡಕಟ್ಟಿನ ನಾಯಕನ ಹೆಸರದು. ಇಂಗ್ಲಿಷಿನಲ್ಲಿ ಚರ್ಚೆಯಾಗಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ರೂಪುಗೊಂಡ ಈ ರಾಜ್ಯಾಂಗದಲ್ಲಿ ಎರಡು ಭಾಷೆಯ ಪಾಠಗಳಿಗೆ ವಿರೋಧ ಬಂದರೆ ಐರಿಷ್ ಪಾಠವೇ ನಿಲ್ಲತಕ್ಕದ್ದು ಎಂಬ ನಿಯಮವಿದೆ! ಅನುವಾದವೇ ಮೂಲವನ್ನು ಆಳುವ ಇಂಥ ವಿಚಿತ್ರ ಇನ್ನೆಲ್ಲಿ ಕಾಣಸಿಗುತ್ತದೋ ತಿಳಿಯದು. ಭಾಷೆಯ ಹೆಸರಿನಲ್ಲಿ ರಾಜ್ಯ ಕಟ್ಟಿಕೊಂಡ ನಮಗೆ ಇದರ ಹೆಮ್ಮೆಯೂ ಅರ್ಥವಾಗುತ್ತದೆ, ಅಡುಗೆಮನೆಯಲ್ಲಿ ಆಡದ ಭಾಷೆಯನ್ನು ಶಾಸನದ ಉಪ್ಪರಿಗೆಯಲ್ಲಿ ಕೂರಿಸುವುದರ ಸಂಕಟವೂ ಅರ್ಥವಾಗುತ್ತದೆ.

ಈ ರಾಜ್ಯಾಂಗದ ೪೫ನೆಯ ವಿಧಿ ನಮ್ಮ ಮನೆಗೂ ಬಂದಿದೆ. ಸಮಾಜನೀತಿಯ ನಿರ್ದೇಶಕ ತತ್ತ್ವಗಳು ಅಲ್ಲಿವೆ. ಶಾಸನ ಮಾಡುವವರಿಗೆ ಅವು ದಾರಿದೀಪ, ಯಾವ ನ್ಯಾಯಾಲಯವೂ ಅವನ್ನು ಜಾರಿ ಮಾಡುವಂತಿಲ್ಲ. ನಮ್ಮ ರಾಜ್ಯಾಂಗ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು, ಮಂಗಳೂರಿನಲ್ಲಿ ಹುಟ್ಟಿದವರು, ೧೯೪೭ರ ಕೊನೆಯಲ್ಲಿ ಅಮೆರಿಕ, ಕೆನಡ, ಐರ್ಲೆಂಡು, ಇಂಗ್ಲೆಂಡುಗಳಲ್ಲಿ ಪ್ರವಾಸ ಮಾಡಿದಾಗ ಡಬ್ಲಿನ್ನಿನಲ್ಲಿ ಡಿ ವೆಲೆರಾ ಅವರನ್ನೂ ಕಂಡು ಮಾತಾಡಿದರು. ನಮ್ಮ ನಾಲ್ಕನೆಯ ಭಾಗದಲ್ಲಿ ಆ ತತ್ತ್ವಗಳ ಬೀಜ ಮೊಳೆತು ಮರವಾಯಿತು. ಬ್ಯಾಂಕಿಗೆ ಅನುಕೂಲವಾದಾಗ ಹಣ ಕೊಡುವ ಚೆಕ್ಕು ಇದು ಎಂದು ಕೆ. ಟಿ. ಷಾ ರಾಜ್ಯಾಂಗ ಸಭೆಯಲ್ಲೇ ಹಾಸ್ಯ ಮಾಡಿದ್ದರು. ಆ ಚೆಕ್ಕನ್ನು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಕೈಗೆತ್ತಿಕೊಂಡವು. ಬೆಂಗಳೂರಿನ ಮಿನರ್ವ ಮಿಲ್ಲಿನ ಮೊಕದ್ದಮೆಯಲ್ಲಿ, ೧೯೮೦ರಲ್ಲಿ, ಮೂಲಭೂತ ಹಕ್ಕು ಮತ್ತು ನಿರ್ದೇಶಕ ತತ್ತ್ವಗಳ ಸಮತೂಕವೇ ರಾಜ್ಯಾಂಗದ ಬುನಾದಿ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ತವರಿನಲ್ಲಿ ಆ ವಿಧಿ ಬಹುಮಟ್ಟಿಗೆ ನಿದ್ರೆಯಲ್ಲೇ ಇದೆ. ಕೊಟ್ಟ ಹೆಣ್ಣು ಗಂಡನ ಮನೆಯಲ್ಲಿ ಬೆಳಗಿದಳೆಂದು ಇದಕ್ಕೇ ಹೇಳುವುದಿರಬೇಕು.

ಶಾಸನದ ಮಾತು ಬಿಟ್ಟು ಕನಸಿನ ಮಾತಿಗೆ ಬರುತ್ತೇನೆ. ೧೯೪೩ರ ಮಾರ್ಚ್ ೧೭, ಸಂತ ಪ್ಯಾಟ್ರಿಕ್‌ನ ಹಬ್ಬದ ದಿನ, ಡಿ ವೆಲೆರಾ ರೇಡಿಯೋದಲ್ಲಿ ಮಾಡಿದ ಭಾಷಣದಷ್ಟು ಕೀರ್ತಿಯನ್ನೂ ಅಪಕೀರ್ತಿಯನ್ನೂ ಅವರ ಇನ್ನಾವ ಮಾತೂ ಪಡೆಯಲಿಲ್ಲ. ನಾವು ಕನಸು ಕಂಡ ಐರ್ಲೆಂಡು ಎಂಥದು ಎಂದು ಅಲ್ಲಿ ಬಣ್ಣಿಸುತ್ತಾರೆ. ಸಂಪತ್ತನ್ನು ಬದುಕಿನ ಆಧಾರವಾಗಿ ಮಾತ್ರ ಕಾಣುವ ಜನ. ಮಿತವಾದ ಸುಖದಲ್ಲಿ ತೃಪ್ತಿ. ಬೆಚ್ಚನೆಯ ರೈತರ ಮನೆಗಳು. ಆಡುವ ಮಕ್ಕಳು, ಮೈಕಟ್ಟಿನ ಯುವಕರು, ನಗುವ ಹುಡುಗಿಯರು. ಅಗ್ಗಿಷ್ಟಿಕೆಯ ಬದಿಯಲ್ಲಿ ಕುಳಿತ ಶಾಂತ ವೃದ್ಧರ ವಿವೇಕ. ನಾಲ್ಕು ದಾರಿ ಕೂಡುವಲ್ಲಿ ಸುಂದರಿಯರು ಕುಣಿಯಬೇಕೆಂದು ಅವರು ಹೇಳಿದರೆಂದು ಎಂಬತ್ತು ವರ್ಷದಿಂದ ಹಾಸ್ಯ ಮಾಡುತ್ತ ಬಂದಿದ್ದಾರೆ. ಭಾಷಣದಲ್ಲಿ ಎಲ್ಲಿಯೂ ಕುಣಿತವಿಲ್ಲ, ನಾಲ್ಕು ದಾರಿಯ ಕೂಡಿಕೆಯಿಲ್ಲ. ಓದದೆ ನಗುವವರ ಪೈಕಿ ಸಾಹಿತಿಗಳೂ ಇದ್ದಾರೆಂಬುದು ನನಗೆ ಬೇಸರದ ವಿಷಯ. ಅದು ಗೇಲಿಕ್ ಲೀಗಿನ ಐವತ್ತನೆಯ ವರ್ಷದ ಸಂದರ್ಭ. ಭಾಷಣದ ಒಡಲು ಭಾಷೆಯನ್ನು ಕುರಿತದ್ದು. ನುಡಿ ಹೋದರೆ ಆ ಕನಸಿನ ನಾಡೂ ಹೋಯಿತು ಎಂಬುದು ಅವರ ವಾದದ ಎಳೆ. ಜನ ಮುನ್ನುಡಿಯನ್ನು ನೆನಪಿಟ್ಟುಕೊಂಡು ಪುಸ್ತಕವನ್ನು ಮರೆತರು.

ಅವರು ಹಳ್ಳಿಗಾಡಿನ ಮುಗ್ಧರೂ ಅಲ್ಲ. ಆ ಭಾಷಣಕ್ಕೆ ಕೆಲವೇ ವಾರಗಳ ಮುಂಚೆ, ಫೆಬ್ರವರಿಯಲ್ಲಿ, ಎರ್ವಿನ್ ಶ್ರೋಡಿಂಗರ್ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಜೀವವೆಂದರೇನು ಎಂಬ ವಿಷಯ ಕುರಿತು ಉಪನ್ಯಾಸಮಾಲೆ ಕೊಟ್ಟರು. ಮುಂದೆ ಜೀವವಿಜ್ಞಾನದ ದಿಕ್ಕು ಬದಲಿಸಿದ ಪುಸ್ತಕ ಅದರಿಂದ ಹುಟ್ಟಿತು. ನಾಟ್ಸಿಗಳಿಂದ ದೂರ ಹೊರಟಿದ್ದ ಆ ಭೌತವಿಜ್ಞಾನಿಯನ್ನು ಡಬ್ಲಿನ್ನಿಗೆ ಕರೆಸಿಕೊಂಡವರು ಡಿ ವೆಲೆರಾ. ಆತನಿಗಾಗಿಯೂ ಐರಿಷ್ ಪಂಡಿತರಿಗಾಗಿಯೂ ೧೯೪೦ರಲ್ಲಿ ಉನ್ನತ ಅಧ್ಯಯನ ಸಂಸ್ಥೆಯೊಂದನ್ನು ಕಟ್ಟಿದರು: ಒಂದು ಕೋಣೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನ, ಇನ್ನೊಂದರಲ್ಲಿ ಕೆಲ್ಟಿಕ್ ವಿದ್ಯೆ. ಪತ್ರಿಕೆಯ ವಿನೋದಲೇಖಕರೊಬ್ಬರು ಈ ಸಂಸ್ಥೆಯ ಸಾಧನೆಯನ್ನು ಹೀಗೆ ಸಂಗ್ರಹಿಸಿದರು: ಸಂತ ಪ್ಯಾಟ್ರಿಕ್ ಇಬ್ಬರಿದ್ದರೆಂದೂ ದೇವರು ಒಬ್ಬನೂ ಇಲ್ಲವೆಂದೂ ಅದು ಸಾಧಿಸಿತು ಎಂದು. ಯುದ್ಧದ ನಡುವೆ, ಬಡ ದೇಶವೊಂದರಲ್ಲಿ, ಶುದ್ಧ ಜ್ಞಾನಕ್ಕೆ ಹಣ ತೆಗೆದಿಟ್ಟ ಮುಖ್ಯಮಂತ್ರಿಗಳು ಎಷ್ಟು ಜನ?

ಕನಸಿನ ಭಾಷಣದ ಮೇಲೆ ನನಗಿರುವ ಆಕ್ಷೇಪ ಬೇರೆ. ಪಶ್ಚಿಮ ಕಾರ್ಕ್ ಜಿಲ್ಲೆಯ ಗೂಗನ್ ಬರಾ ಎಂಬ ಕೆರೆಯ ಬಳಿ ಟಿಮತಿ ಬಕ್ಲಿ ಎಂಬ ಮುದುಕ ದರ್ಜಿಯಿದ್ದ. ಐರಿಷ್ ಅವನ ಮನೆಮಾತು. ಕಾಲು ಊನ, ನಾಲಗೆ ಚುರುಕು. ಅವನೂ ಅವನ ಹೆಂಡತಿ ಆನ್‌ಸ್ಟಿಯೂ ಅಗ್ಗಿಷ್ಟಿಕೆಯ ಬದಿಯಲ್ಲಿ ಕುಳಿತು ಆಡುವ ಮಾತು ಕೇಳಲು ಪಂಡಿತರೂ ಲೇಖಕರೂ ಊರೂರಿಂದ ಬರುತ್ತಿದ್ದರು. ಎರಿಕ್ ಕ್ರಾಸ್ ಎಂಬವರು ಆ ಮಾತುಗಳನ್ನು ಸಂಗ್ರಹಿಸಿ ೧೯೪೨ರಲ್ಲಿ ಪುಸ್ತಕ ಮಾಡಿದರು. ಫ್ರ್ಯಾಂಕ್ ಓಕಾನರ್ ಮುನ್ನುಡಿ ಬರೆದರು. ಹಳ್ಳಿಯ ಮುದುಕರು ಗಂಡು ಹೆಣ್ಣು, ಹಸು ಹೋರಿಗಳ ವಿಷಯ ಮಾತಾಡುವಂತೆ ದರ್ಜಿಯೂ ಮಾತಾಡಿದ್ದ. ನಮ್ಮ ಹಳ್ಳಿಯ ಜಗಲಿಯಲ್ಲಿ ಕುಳಿತು ಕೇಳಿದವರಿಗೆ ಅದರಲ್ಲಿ ಹೊಸದೇನೂ ಕಾಣದು. ಸರ್ಕಾರದ ಮಂಡಳಿ ಅದೇ ವರ್ಷ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ಮೂವರು ಪಾದ್ರಿಗಳು ಮನೆಗೆ ಬಂದು, ಮುದುಕನನ್ನು ಮೊಣಕಾಲೂರಿಸಿ, ಅವನ ಬಳಿಯಿದ್ದ ಪ್ರತಿಯನ್ನು ಅವನದೇ ಅಗ್ಗಿಷ್ಟಿಕೆಯಲ್ಲಿ ಅವನ ಕೈಯಿಂದಲೇ ಸುಡಿಸಿದರು. ಸೆನೆಟ್ಟಿನಲ್ಲಿ ಸರ್ ಜಾನ್ ಕೀನ್ ಇದನ್ನು ಪ್ರಶ್ನಿಸಿ ಪುಸ್ತಕದ ಭಾಗಗಳನ್ನು ಓದಿದಾಗ, ಓದಿದ್ದನ್ನು ವರದಿಯಿಂದಲೇ ತೆಗೆದುಹಾಕಿದರು. ಅವರ ನಿರ್ಣಯ ಬಿದ್ದುಹೋಯಿತು.

ಇದು ನಡೆದದ್ದು ೧೯೪೨ರ ಕೊನೆಯ ತಿಂಗಳುಗಳಲ್ಲಿ. ಅಗ್ಗಿಷ್ಟಿಕೆಯ ಬದಿಯ ವೃದ್ಧರ ವಿವೇಕವನ್ನು ಡಿ ವೆಲೆರಾ ರೇಡಿಯೋದಲ್ಲಿ ಹೊಗಳಿದ್ದು ಮುಂದಿನ ಮಾರ್ಚಿನಲ್ಲಿ. ಗ್ರಂಥ ನಿಷೇಧದ ಶಾಸನ ೧೯೨೯ರದು, ಹಿಂದಿನ ಸರ್ಕಾರ ಮಾಡಿದ್ದು. ದರ್ಜಿಯ ಪುಸ್ತಕವನ್ನು ಡಿ ವೆಲೆರಾ ಸ್ವತಃ ನಿಷೇಧಿಸಲೂ ಇಲ್ಲ. ಆದರೆ ಹತ್ತು ವರ್ಷ ಆಳಿದವರು ಅದನ್ನು ಮುಟ್ಟಲಿಲ್ಲ. ಕೇಟ್ ಓಬ್ರಿಯನ್ ಅವರ ಕಾದಂಬರಿಯನ್ನೂ ೧೯೪೧ರಲ್ಲಿ ಇದೇ ಮಂಡಳಿ ನಿಷೇಧಿಸಿತ್ತು. ತನ್ನ ಕನಸಿನಲ್ಲಿ ವರ್ಣಿಸಿದ ಮುದುಕ ನಿಜವಾಗಿ ಎದುರು ಬಂದು ಬಾಯಿ ತೆರೆದಾಗ ಆ ನಾಡಿಗೆ ಕಿವಿಗೊಡಲಾಗಲಿಲ್ಲ. ಐರಿಷ್ ಭಾಷೆಯನ್ನು ಪುಸ್ತಕದಿಂದ ಕಲಿತವರಿಗೆ ಅದು ನಿರ್ಮಲವಾದ ವಸ್ತು. ತಾಯಿಯ ಹಾಲಿನೊಡನೆ ಕುಡಿದವನಿಗೆ ಅದರಲ್ಲಿ ಬೈಗಳೂ ಇದೆ, ಬೆವರೂ ಇದೆ. ದರ್ಜಿ ೧೯೪೫ರಲ್ಲಿ ತೀರಿಕೊಂಡ, ಎರಡು ವರ್ಷದ ಮೇಲೆ ಆನ್‌ಸ್ಟಿ. ಪುಸ್ತಕದ ಮೇಲಿನ ನಿಷೇಧ ಹೋದದ್ದು ಅರವತ್ತರ ದಶಕದಲ್ಲಿ.

ಯುದ್ಧಕಾಲದ ಅವರ ನಡತೆಯ ಬಗ್ಗೆ ಬಹಳ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ. ತಟಸ್ಥ ನೀತಿಯನ್ನು ಕಾಯಲು ತಮ್ಮ ಹಳೆಯ ಸೇನೆಯ ಹೆಸರು ಹೊತ್ತವರನ್ನೇ ಸೆರೆಗೆ ಹಾಕಿದರು, ಕೆಲವರಿಗೆ ಮರಣದಂಡನೆಯೂ ಆಯಿತು. ೧೯೪೫ರ ಮೇ ೨ರಂದು ಹಿಟ್ಲರ್ ಸತ್ತ ಸುದ್ದಿ ಕೇಳಿ ಜರ್ಮನ್ ರಾಯಭಾರಿಯ ಬಳಿಗೆ ಹೋಗಿ ಸಂತಾಪ ಸೂಚಿಸಿದ್ದು ಮಾತ್ರ ಕ್ಷಮಿಸಲಾಗದ ಕೆಲಸ. ರೂಜ್ವೆಲ್ಟ್ ತೀರಿಕೊಂಡಾಗ ಗೌರವ ಸೂಚಿಸಿದ್ದೆವು, ಇಲ್ಲಿಯೂ ಶಿಷ್ಟಾಚಾರ ತಪ್ಪಬಾರದು ಎಂಬ ಲೆಕ್ಕ. ವ್ಯಾಕರಣ ಶುದ್ಧವಾಗಿದ್ದು ಅರ್ಥ ಸತ್ತುಹೋದ ವಾಕ್ಯದಂತಿದೆ ಅದು. ಅದೇ ಮೇ ತಿಂಗಳಿನಲ್ಲಿ, ೧೩ರಂದು ಚರ್ಚಿಲ್ ತಮ್ಮ ವಿಜಯಭಾಷಣದಲ್ಲಿ ಐರ್ಲೆಂಡನ್ನು ಹಂಗಿಸಿದರು. ೧೬ರಂದು ಡಿ ವೆಲೆರಾ ಕೊಟ್ಟ ಉತ್ತರ ಈ ಇಡೀ ಸಂಪುಟದ ಅತ್ಯುತ್ತಮ ಗದ್ಯ. ಇಪ್ಪತ್ತೈದು ವರ್ಷದ ಹಿಂದಾಗಿದ್ದರೆ ಎಂಥ ಉತ್ತರ ಕೊಡುತ್ತಿದ್ದೆನೆಂದು ನನಗೆ ಗೊತ್ತು, ಈಗ ಅದನ್ನು ಕೊಡುವುದಿಲ್ಲ ಎಂಬ ಧಾಟಿಯಲ್ಲಿ ಆರಂಭಿಸಿ, ನಮ್ಮ ಮೇಲೆ ಏರಿಬರುವ ಆಸೆಯನ್ನು ತಡೆದುಕೊಂಡದ್ದಕ್ಕೆ ಚರ್ಚಿಲ್ಲರನ್ನು ಅಭಿನಂದಿಸಿ, ನೂರಾರು ವರ್ಷ ಒಂಟಿಯಾಗಿ ಹೋರಾಡಿದ ಸಣ್ಣ ನಾಡಿನ ಮಾತನ್ನು ಕೊನೆಗಿಡುತ್ತಾರೆ. ಹಟಮಾರಿಯ ಸಂಯಮಕ್ಕೆ ಒಂದು ಬೇರೆ ಶಕ್ತಿಯಿದೆ.

ಕನಸಿನ ಮನೆಗಳು ಇತ್ತ ಖಾಲಿಯಾಗುತ್ತಿದ್ದವು. ೧೯೫೧ರಿಂದ ೧೯೬೧ರೊಳಗೆ ಸುಮಾರು ನಾಲ್ಕು ಲಕ್ಷ ಜನ ನಾಡು ಬಿಟ್ಟರು. ೧೯೬೧ರ ಜನಗಣತಿಯಲ್ಲಿ ಉಳಿದವರು ೨೮,೧೮,೩೪೧. ಮೈಕಟ್ಟಿನ ಯುವಕರು ಲಂಡನ್ನಿನಲ್ಲಿ ರಸ್ತೆ ಅಗೆಯುತ್ತಿದ್ದರು, ನಗುವ ಹುಡುಗಿಯರು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಾದಿಯರಾಗಿದ್ದರು. ಅದೆಲ್ಲಕ್ಕೂ ಡಿ ವೆಲೆರಾ ಒಬ್ಬರೇ ಹೊಣೆಯಲ್ಲ, ಆ ದಶಕದಲ್ಲಿ ಎರಡು ಸಲ ಎದುರು ಪಕ್ಷದವರೂ ಆಳಿದರು. ಮಿತವಾದ ಸುಖ ಎಂಬ ಅವರ ಮಾತಿನಲ್ಲಿ ಮಿತ ಎಷ್ಟು ಎಂಬುದನ್ನು ಮಾತ್ರ ಗಣಿತದ ಮೇಷ್ಟರು ಎಲ್ಲಿಯೂ ಹೇಳಲಿಲ್ಲ. ಅದನ್ನು ಹೇಳಿದವರು ಟಿ. ಕೆ. ವಿಟೇಕರ್ ಎಂಬ ಅಧಿಕಾರಿ, ೧೯೫೮ರ ವರದಿಯಲ್ಲಿ. ಮಾಡಿ ತೋರಿಸಿದವರು ಮುಂದಿನ ವರ್ಷ ಟೀಷಕ್ ಆದ ಷಾನ್ ಲೆಮಾಸ್. ೧೯೫೯ರ ಜೂನ್ ೧೭ರಂದು ಎರಡು ಮತದಾನ ಒಟ್ಟಿಗೆ ನಡೆದವು. ಡಿ ವೆಲೆರಾ ರಾಷ್ಟ್ರಾಧ್ಯಕ್ಷರಾಗಬೇಕೆಂದು ಜನ ಒಪ್ಪಿದರು. ಪ್ರಮಾಣಾನುಗುಣ ಮತಪದ್ಧತಿಯನ್ನು ತೆಗೆದುಹಾಕಬೇಕೆಂಬ ಅವರ ತಿದ್ದುಪಡಿಯನ್ನು ಅದೇ ಜನ, ಅದೇ ದಿನ, ತಳ್ಳಿಹಾಕಿದರು. ಗ್ರಂಥಕರ್ತನಿಗೆ ನಮಸ್ಕಾರ, ಅವನ ತಿದ್ದುಪಡಿಗೆ ಬಾಗಿಲು! ಜನರನ್ನು ಕೇಳದೆ ಒಂದಕ್ಷರವನ್ನೂ ಬದಲಿಸುವಂತಿಲ್ಲ ಎಂದು ನಿಯಮವಿಟ್ಟವರು ಅವರೇ. ಅವರ ಕೃತಿಯಲ್ಲಿ ನಾನು ಹೆಚ್ಚು ಮೆಚ್ಚುವುದು ಇದನ್ನೇ. ಹದಿನಾಲ್ಕು ವರ್ಷ ಅಧ್ಯಕ್ಷರಾಗಿದ್ದು, ಕಣ್ಣು ಬಹುತೇಕ ಕಾಣದಾಗಿ, ೧೯೭೩ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ನಿವೃತ್ತರಾದರು. ೧೯೭೫ರ ಜನವರಿಯಲ್ಲಿ ಷಿನೇಡ್ ತೀರಿಕೊಂಡರು, ಆಗಸ್ಟಿನಲ್ಲಿ ಅವರು.

ಆಮೇಲೆ ಅವರ ಗ್ರಂಥವನ್ನು ಓದುಗರೇ ತಿದ್ದುತ್ತ ಬಂದಿದ್ದಾರೆ. ಕ್ಯಾಥೊಲಿಕ್ ಚರ್ಚಿಗಿದ್ದ ವಿಶೇಷ ಸ್ಥಾನ ೧೯೭೨ರ ಜನಮತದಲ್ಲಿ ಹೋಯಿತು, ವಿಚ್ಛೇದನದ ಮೇಲಿನ ನಿಷೇಧ ೧೯೯೫ರಲ್ಲಿ ಕೂದಲೆಳೆಯ ಅಂತರದಿಂದ ಹೋಯಿತು, ಇಡೀ ದ್ವೀಪದ ಮೇಲಿನ ಹಕ್ಕಿನ ಮಾತು ೧೯೯೮ರಲ್ಲಿ ಬದಲಾಯಿತು. ಗೊಂದಲಕ್ಕಿಟ್ಟದ್ದು ೪೧ನೆಯ ವಿಧಿಯ ಒಂದು ಭಾಗ. ಹೆಣ್ಣು ಮನೆಯೊಳಗಿನ ತನ್ನ ಬಾಳಿನಿಂದ ನಾಡಿಗೆ ಆಸರೆಯಾಗಿದ್ದಾಳೆ. ಬಡತನದ ಒತ್ತಾಯದಿಂದ ತಾಯಂದಿರು ಮನೆಗೆಲಸ ಬಿಟ್ಟು ದುಡಿಯಹೋಗದಂತೆ ನೋಡಿಕೊಳ್ಳಲು ರಾಜ್ಯ ಯತ್ನಿಸತಕ್ಕದ್ದು ಎಂದು ಅದರ ತಾತ್ಪರ್ಯ. ೧೯೩೭ರಲ್ಲೇ ಹಾನಾ ಷೀಹಿ ಸ್ಕೆಫಿಂಗ್ಟನ್ ಮೊದಲಾದ ಹೆಣ್ಣುಮಕ್ಕಳು ಇದರ ಮೇಲೆ ಸಿಡಿದೆದ್ದಿದ್ದರು. ಬೋಲೆಂಡ್ ಗಿರಣಿಗೆ ಹೆಂಗಸರನ್ನು ಸೇರಿಸದ ದಳಪತಿ ಬರೆಸಿದ ವಿಧಿ ಅಲ್ಲವೆ!

೨೦೨೪ರ ಮಾರ್ಚ್ ೮ರಂದು, ಮಹಿಳಾ ದಿನದಂದೇ, ಈ ಭಾಗವನ್ನು ತೆಗೆದು ಬೇರೆ ಮಾತು ಸೇರಿಸಲು ಜನಮತ ಕೇಳಿದರು. ಆಗ ಟೀಷಕ್ ಆಗಿದ್ದವರು ಲಿಯೋ ವರಾಡ್ಕರ್; ಅವರ ತಂದೆ ಮುಂಬಯಿಯಲ್ಲಿ ಹುಟ್ಟಿದ ವೈದ್ಯರು. ದೊಡ್ಡ ಪಕ್ಷಗಳೆಲ್ಲ ತಿದ್ದುಪಡಿಯ ಪರವಾಗಿದ್ದವು. ನೂರಕ್ಕೆ ೭೩.೯ ಮಂದಿ ಬೇಡವೆಂದರು. ಹಳೆಯ ಮಾತಿನ ಮೇಲಿನ ಪ್ರೀತಿಯಿಂದ ಬೇಡವೆಂದವರಿದ್ದರು. ಅದನ್ನು ದ್ವೇಷಿಸುತ್ತಲೇ ಹೊಸ ಮಾತನ್ನು ನಂಬದೆ ಬೇಡವೆಂದವರೂ ಇದ್ದರು. ಮನೆಯಲ್ಲಿ ರೋಗಿಗಳನ್ನು, ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ನೆರವಾಗಲು ರಾಜ್ಯ ಶ್ರಮಿಸುತ್ತದೆ ಎಂದಷ್ಟೇ ಹೊಸ ಪಾಠದಲ್ಲಿತ್ತು. ಅಂಥ ಮಕ್ಕಳನ್ನು ಹಗಲಿರುಳು ಸಾಕುತ್ತಿರುವ ತಾಯಂದಿರು ಆ ಕ್ರಿಯಾಪದವನ್ನು ಹಿಡಿದುಕೊಂಡರು. ಶ್ರಮಿಸುತ್ತದೆ ಎಂದರೆ ಕೊಡುತ್ತದೆಯೆ, ಇಲ್ಲವೆ? ಡಿ ವೆಲೆರಾ ಅವರ ಪಾಠದಲ್ಲಿ ಯತ್ನಿಸತಕ್ಕದ್ದು ಎಂದಿತ್ತು, ಅದರಿಂದ ಒಬ್ಬ ತಾಯಿಗೂ ಬಿಡಿಗಾಸು ಬಂದಿರಲಿಲ್ಲ. ಇದಕ್ಕೂ ಅದಕ್ಕೂ ಏನು ವ್ಯತ್ಯಾಸವೆಂದು ಸಭೆಗಳಲ್ಲಿ, ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ೧೯೩೭ರ ವಾಕ್ಯ ಎರಡು ಭಾಷೆಗಳಲ್ಲಿಯೂ ಇನ್ನೂ ಹಾಗೆಯೇ ಇದೆ.